ಕಾಲೇಜಿನ ಫ್ರೆಂಚ್ ವಿಭಾಗದ ಕಾರ್ಯಕ್ರಮಗಳು: ಬೆಳಗಾವಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತೇನೆ. ಅಡ್ಮಿಶನ್ ಸಮಯದಲ್ಲಿ, ಪೋಷಕರ ಸಭೆಯಲ್ಲಿ, ಹಳೆಯ ವಿದ್ಯಾರ್ಥಿಗಳ ಪತ್ರಗಳಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಚಹಾ ಕುಡಿಯುವಾಗ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಉತ್ತರಗಳಲ್ಲಿ ಒಂದು ಅಳತೆ ಎಲ್ಲ ಕಡೆ ಕಾಣುತ್ತದೆ. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಎಷ್ಟು ಮಕ್ಕಳು ಬಾಯಿಬಿಟ್ಟು ಫ್ರೆಂಚ್ ಮಾತಾಡಿದರು? ನನಗೆ ಮುಖ್ಯ ಅದೇ.

## ಹೊಸದಾಗಿ ಸೇರುವವರು, ಮನೆಯವರು ಕೇಳುವುದು

"ಮೇಡಂ, ಫ್ರೆಂಚ್ ಅಂದ್ರ ಪುಸ್ತಕ ಓದಿ ಪರೀಕ್ಷೆ ಬರಿಯೂದು. ಈ ಫಂಕ್ಷನ್ ಎಲ್ಲಾ ಯಾಕ ಬೇಕ್ರಿ?"

ಬೆಳಗಾವಿಯಲ್ಲಿ ಮನೆಯಿಂದ ಹೊರಗೆ ಕಾಲಿಟ್ಟರೆ ಕನ್ನಡ, ಮರಾಠಿ, ಉರ್ದು, ಕೊಂಕಣಿ ಕಿವಿಗೆ ಬೀಳುತ್ತವೆ. ಇಂಗ್ಲಿಷ್ ಅಂಗಡಿ ಬೋರ್ಡಿನಲ್ಲಿದೆ, ಮೊಬೈಲಿನಲ್ಲಿದೆ. ಫ್ರೆಂಚ್ ಎಲ್ಲಿದೆ? ತರಗತಿಯ ಆ ಒಂದು ತಾಸು ಬಿಟ್ಟರೆ ಎಲ್ಲೂ ಇಲ್ಲ. ಆ ತಾಸಿನಲ್ಲಿ ಮಾತಾಡುವವರು ಹೆಚ್ಚಾಗಿ ನಾವು ಮೇಷ್ಟ್ರುಗಳೇ. ಮಕ್ಕಳಿಗೆ ಆ ಭಾಷೆ ಬೇಕೇಬೇಕು ಅನ್ನಿಸುವ ಸಂದರ್ಭವನ್ನು ನಾವೇ ಹುಟ್ಟಿಸಬೇಕು. ಹಂಚಿನ ಮುಂದೆ ನಿಂತವನಿಗೆ ಹಾಲು ಬೇಕು, ಹಾಲಿನ ಪಾತ್ರೆ ಇನ್ನೊಬ್ಬಳ ಕೈಯಲ್ಲಿದೆ, ಫ್ರೆಂಚಿನಲ್ಲಿ ಕೇಳಿದರೆ ಮಾತ್ರ ಕೊಡುತ್ತಾಳೆ. ಆಗ ಬಂದ ವಾಕ್ಯವನ್ನು ಮಕ್ಕಳು ಮರೆಯುವುದಿಲ್ಲ.

"ನಾ ಪಿಯುಸಿ ತನಕ ಕನ್ನಡ ಮೀಡಿಯಂ. ಸ್ಟೇಜ್ ಮ್ಯಾಲ ನಿಂತು ಫ್ರೆಂಚ್ ಮಾತಾಡಾಕ ನನಗ ಆಗ್ತದೇನ್ರಿ?"

ಆಗುತ್ತದೆ. ಇಲ್ಲಿ ಎಲ್ಲರೂ ಸೊನ್ನೆಯಿಂದ ಶುರು ಮಾಡುವವರೇ. ಕಾನ್ವೆಂಟಿನಿಂದ ಬಂದವರಿಗೂ ಫ್ರೆಂಚ್ ಹೊಸದೇ. ಅವರಲ್ಲಿ ತುಂಬಾ ಜನ ಫ್ರೆಂಚ್ ಪದವನ್ನು ಇಂಗ್ಲಿಷಿನ ಹಾಗೆ ಓದಿಬಿಡುತ್ತಾರೆ, ಅದನ್ನು ಬಿಡಿಸುವುದೇ ಒಂದು ಕೆಲಸ. ದೊಡ್ಡವರಿಗೆ ಒಂದು ರೂಪ, ಗೆಳೆಯರಿಗೆ ಒಂದು ರೂಪ ಬಳಸುವುದು ಫ್ರೆಂಚಿನಲ್ಲೂ ಇದೆ. ಅದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಕಷ್ಟವಾಗುವುದು ವಸ್ತುಗಳಿಗೆ ಗಂಡು-ಹೆಣ್ಣು ಲಿಂಗ ಹಚ್ಚುವುದು. ಕುರ್ಚಿ ಹೆಣ್ಣು, ಪುಸ್ತಕ ಗಂಡು ಅಂದರೆ ಕನ್ನಡದ ಮಕ್ಕಳು ಬೆರಗಾಗುತ್ತಾರೆ. ಮರಾಠಿ, ಹಿಂದಿ ಬರುವವರಿಗೆ ಅದು ಬೇಗ ಒಗ್ಗುತ್ತದೆ.

ಮೊದಲ ಸೆಮಿಸ್ಟರಿನವರಿಗೆ ನಾನು ಬಾಗಿಲಲ್ಲಿ ನಿಂತು ಸ್ವಾಗತಿಸುವ ಕೆಲಸ ಕೊಡುತ್ತೇನೆ. ಹೆಸರು, ಊರು, "ಒಳಗೆ ಬನ್ನಿ", ಇಷ್ಟೇ. ಬಂದವರೆಲ್ಲರಿಗೂ ಅದನ್ನೇ ಹೇಳಿ ಹೇಳಿ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಪಳಗಿರುತ್ತದೆ. ಊರ ಜಾತ್ರೆಯಲ್ಲಿ ಸಣ್ಣಾಟವನ್ನೋ ನಾಟಕವನ್ನೋ ಮಾಡಿದವರು ಇದ್ದರೆ ಇನ್ನೂ ಒಳ್ಳೆಯದು. ಮೈಕ್ ಕೆಟ್ಟರೂ ಕಡೇ ಸಾಲಿಗೆ ಮಾತು ಮುಟ್ಟಿಸುವವರು ಅವರೇ.

"ಜನವರಿ, ಫೆಬ್ರವರಿಯಾಗ ಮಾಡೂ ಹಬ್ಬ ಕ್ರಿಶ್ಚಿಯನ್ ಹಬ್ಬ ಅಲ್ವಾ? ಮಕ್ಕಳಿಗೆ ಅದನ್ನ ಯಾಕ ಮಾಡಸ್ತೀರಿ?"

ಮೂಲ ಕ್ರೈಸ್ತರದ್ದೇ, ಮುಚ್ಚಿಡುವಂಥದ್ದು ಏನೂ ಇಲ್ಲ. ಜನವರಿ 6ರ ಎಪಿಫನಿ, ಕ್ರಿಸ್‌ಮಸ್ ಆಗಿ 40 ದಿನಕ್ಕೆ ಬರುವ ಫೆಬ್ರವರಿ 2ರ ಶಾಂದಲರ್, ಎರಡೂ ಚರ್ಚಿನ ಪಂಚಾಂಗದಿಂದ ಬಂದವು. ಆದರೆ ಇವತ್ತಿನ ಫ್ರಾನ್ಸಿನಲ್ಲಿ ಚರ್ಚಿಗೆ ಹೋಗದ ಮನೆಯಲ್ಲೂ ಅವತ್ತಿನ ತಿಂಡಿ ಆಗುತ್ತದೆ. ನಾವು ಮಾಡುವುದು ಆ ತಿಂಡಿ, ಆ ಆಟ, ಅದರ ಮಾತು. ಪ್ರಾರ್ಥನೆ ಇರುವುದಿಲ್ಲ. ಚರ್ಚು ಮತ್ತು ಸರ್ಕಾರ ಬೇರೆ ಬೇರೆ ಅಂತ ಫ್ರಾನ್ಸ್ 1905ರಲ್ಲೇ ಕಾನೂನು ಮಾಡಿದೆ. ಅದನ್ನೂ ತರಗತಿಯಲ್ಲಿ ಓದುತ್ತೇವೆ. ಬೇಡ ಅನ್ನಿಸಿದವರಿಗೆ ಬಲವಂತ ಇಲ್ಲ.

"ಮಗಳನ್ನ ಸಂಜಿ ಎಷ್ಟೊತ್ತಿಗೆ ಬಿಡ್ತೀರಿ? ಖಾನಾಪುರ ಬಸ್ ತಪ್ಪಿದ್ರ ಭಾಳ ತ್ರಾಸ್ ಆಗ್ತದ."

ನಾಲ್ಕು ಗಂಟೆಯೊಳಗೆ. ರಿಹರ್ಸಲ್ ಊಟದ ಬಿಡುವಿನಲ್ಲಿ ಆಗುತ್ತದೆ. ಹಳ್ಳಿಯಿಂದ ಓಡಾಡುವ ಮಕ್ಕಳಿಗೆ ಆಗದ ಸಮಯದಲ್ಲಿ ತಾಲೀಮು ಇಟ್ಟರೆ ಪಾತ್ರಗಳೆಲ್ಲ ಊರೊಳಗಿನವರ ಪಾಲಾಗುತ್ತವೆ. ಅದು ಸರಿಯಲ್ಲ.

"ಬೇರೆ ಫೀ ಐತೇನು?"

ಇಲ್ಲ. ವೇಷಕ್ಕೂ ಖರ್ಚು ಮಾಡಬೇಡಿ. ಮನೆಯ ದುಪಟ್ಟಾ, ಅಪ್ಪನ ಕೋಟು ಸಾಕು.

## ವರ್ಷವಿಡೀ ಏನೇನು ನಡೆಯುತ್ತದೆ

"ಯಾವ ಯಾವ ದಿನ ಆಚರಿಸ್ತೀರಿ, ಒಂದು ಪಟ್ಟಿ ಕೊಡ್ತೀರಾ?"

ಪಟ್ಟಿ ಉದ್ದ ಇದೆ, ಎಲ್ಲವನ್ನೂ ಪ್ರತಿ ವರ್ಷ ಮಾಡಲು ಆಗುವುದಿಲ್ಲ. ಜುಲೈ 14 ಫ್ರಾನ್ಸಿನ ರಾಷ್ಟ್ರೀಯ ದಿನ. 1789ರಲ್ಲಿ ಜನ ಬಾಸ್ತೀಯ್ ಕೋಟೆಗೆ ನುಗ್ಗಿದ ದಿನ ಅದು, 1880ರಲ್ಲಿ ರಾಷ್ಟ್ರೀಯ ದಿನವಾಯಿತು. ನಮ್ಮಲ್ಲಿ ಆಗ ಅಡ್ಮಿಶನ್ ಗದ್ದಲ, ಮೇಲಿಂದ ಬೆಳಗಾವಿಯ ಜಡಿಮಳೆ. ಹಾಗಾಗಿ ಸಣ್ಣ ರಸಪ್ರಶ್ನೆಯಲ್ಲಿ ಮುಗಿಸುತ್ತೇವೆ. ಸೆಪ್ಟೆಂಬರ್ 26 ಯುರೋಪಿನ ಭಾಷೆಗಳ ದಿನ. ಅವತ್ತು ಕನ್ನಡ, ಮರಾಠಿ, ಹಿಂದಿ ವಿಭಾಗದವರನ್ನೂ ಕರೆಯುತ್ತೇವೆ. ಜನವರಿಯಲ್ಲಿ ರಾಜರ ಕೇಕು, ಫೆಬ್ರವರಿ 2ಕ್ಕೆ ತೆಳು ದೋಸೆಯಂಥ ಕ್ರೆಪ್, ಮಾರ್ಚ್ 20ಕ್ಕೆ ಫ್ರಾಂಕೊಫೋನಿ ದಿನ, ಅಂದರೆ ಫ್ರೆಂಚ್ ಬಳಸುವ ದೇಶಗಳ ದಿನ. ಏಪ್ರಿಲ್ 1ಕ್ಕೆ ಫ್ರಾನ್ಸಿನ ಮಕ್ಕಳು ಕಾಗದದ ಮೀನು ಕತ್ತರಿಸಿ ಒಬ್ಬರ ಬೆನ್ನಿಗೆ ಒಬ್ಬರು ಗೊತ್ತಾಗದ ಹಾಗೆ ಅಂಟಿಸುತ್ತಾರೆ. ನಮ್ಮಲ್ಲಿ ಪ್ರತಿ ಮೀನಿನ ಮೇಲೆ ಒಂದು ಫ್ರೆಂಚ್ ವಾಕ್ಯ ಬರೆದಿರಬೇಕು, ಸಿಕ್ಕಿಬಿದ್ದವರು ಅದನ್ನು ಗಟ್ಟಿಯಾಗಿ ಓದಬೇಕು.

ಜೂನ್ 21 ಸಂಗೀತದ ಹಬ್ಬ. ಫ್ರಾನ್ಸಿನ ಸಂಸ್ಕೃತಿ ಇಲಾಖೆ 1982ರಲ್ಲಿ ಶುರು ಮಾಡಿದ್ದು. ಅವತ್ತೇ ಯೋಗ ದಿನವೂ ಇರುತ್ತದೆ. ಕಾಲೇಜು ತೆರೆದಿದ್ದರೆ ಮುಂಜಾನೆ ಯೋಗ, ಮಧ್ಯಾಹ್ನ ಹಾಡು.

ನವೆಂಬರ್ 1ಕ್ಕೆ ನಾವು ಬೇರೆ ಏನೂ ಇಡುವುದಿಲ್ಲ. ಅವತ್ತು ಚನ್ನಮ್ಮ ವೃತ್ತದ ಕಡೆ ರಾಜ್ಯೋತ್ಸವದ ಮೆರವಣಿಗೆ. ಅದನ್ನು ನೋಡಿ ಬಂದು ಮಾರನೆಯ ದಿನ ಐದು ಸಾಲು ಫ್ರೆಂಚಿನಲ್ಲಿ ಬರೆಯಿರಿ ಅಂತೀನಿ.

"ತತ್ತಿ ತಿನ್ನದವ್ರು ಕ್ರೆಪ್ ಹೆಂಗ ಮಾಡೂದು?"

ನಮ್ಮ ತರಗತಿಯಲ್ಲಿ ಲಿಂಗಾಯತರು, ಜೈನರು ಜಾಸ್ತಿ. ಅದಕ್ಕೇ ವಿಭಾಗದ ಹಂಚಿಗೆ ತತ್ತಿ ತಾಗಿಸುವುದೇ ಇಲ್ಲ. ಫ್ರಾನ್ಸಿನ ಮನೆಗಳಲ್ಲಿ ಸಾಮಾನ್ಯವಾಗಿ ಕಾಲು ಕಿಲೊ ಮೈದಾ, ಅರ್ಧ ಲೀಟರ್ ಹಾಲು, ಮೂರು ತತ್ತಿ ಹಾಕುತ್ತಾರೆ. ನಾವು ತತ್ತಿ ಬಿಟ್ಟು ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಕರಗಿಸಿದ ಬೆಣ್ಣೆ, ಚಿಟಿಕೆ ಉಪ್ಪು ಸೇರಿಸುತ್ತೇವೆ. ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಬೇಕು, ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಹಿಟ್ಟು ನೀರುದೋಸೆಯದರಷ್ಟೇ ತೆಳ್ಳಗಿರಲಿ. ಅರ್ಧ ತಾಸು ಬಿಟ್ಟು ಹುಯ್ಯಿರಿ. ತತ್ತಿ ಇಲ್ಲದ ಕ್ರೆಪ್ ಬೇಗ ಹರಿಯುತ್ತದೆ, ಅಂಚು ತಾನಾಗಿ ಏಳುವ ತನಕ ಕೈ ಹಾಕಬೇಡಿ.

ಒಂದು ಕೈಯಲ್ಲಿ ನಾಣ್ಯ ಹಿಡಿದು ಇನ್ನೊಂದು ಕೈಯಿಂದ ಕ್ರೆಪ್ಪನ್ನು ಹಾರಿಸಿ ಮಗುಚಿದರೆ ವರ್ಷವಿಡೀ ಕೈಯಲ್ಲಿ ದುಡ್ಡು ಓಡಾಡುತ್ತದೆ ಅಂತ ಅಲ್ಲಿ ನಂಬಿಕೆ. ಈ ಆಟಕ್ಕೆ ನಮ್ಮ ರೊಟ್ಟಿ ಹಂಚು ಭಾರ ಆಗುತ್ತದೆ, ಹಗುರವಾದ ನಾನ್‌ಸ್ಟಿಕ್ ತವಾ ತನ್ನಿ. ಮೇಲೆ ಸಕ್ಕರೆ, ನಿಂಬೆರಸ ಹಾಕುವುದು ಅಲ್ಲಿಯ ರೂಢಿ. ನಮ್ಮವರು ಕುಂದಾ ತುಂಬಿ ಮಡಚುತ್ತಾರೆ. ರುಚಿಗೆ ಅದೇ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

"ಜನವರಿ ಕೇಕ್ ಬೆಳಗಾವಿ ಬೇಕರಿಯಾಗ ಸಿಗ್ತದೇನು?"

ಹೇಳಿ ಮಾಡಿಸಬೇಕು. ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. "ಖಾರಿ ಮಾಡುವ ಪದರ ಹಿಟ್ಟನ್ನೇ ಎರಡು ದುಂಡು ಹಾಳೆ ಮಾಡಿ, ನಡುವೆ ಬಾದಾಮಿ ಪುಡಿ, ಬೆಣ್ಣೆ, ಸಕ್ಕರೆ ತುಂಬಿ ಬೇಯಿಸಿ" ಅನ್ನಿ, ಥಟ್ಟನೆ ಅರ್ಥವಾಗುತ್ತದೆ. ಫ್ರಾನ್ಸಿನಲ್ಲಿ ಒಳಗೆ ಪಿಂಗಾಣಿಯ ಪುಟ್ಟ ಗೊಂಬೆ ಬಚ್ಚಿಡುತ್ತಾರೆ. ಹಲ್ಲಿಗೆ ಸಿಕ್ಕೀತು ಅಂತ ನಾವು ಒಂದು ಇಡೀ ಬಾದಾಮಿ ಇಡುತ್ತೇವೆ. ಎಲ್ಲರಿಗಿಂತ ಚಿಕ್ಕವರು ಟೇಬಲ್ ಕೆಳಗೆ ಕೂತು "ಈ ತುಂಡು ಇಂಥವರಿಗೆ" ಅಂತ ಫ್ರೆಂಚಿನಲ್ಲಿ ಕೂಗುತ್ತಾರೆ. ಬಾದಾಮಿ ಸಿಕ್ಕವರಿಗೆ ಕಾಗದದ ಕಿರೀಟ.

"ಫ್ರೆಂಚ್ ಡೇ ಅಂದ್ರೆ ಐಫೆಲ್ ಟವರ್ ಕಟೌಟ್, ತಲೆಗೆ ಬೆರೆ ಟೋಪಿ. ಇಷ್ಟೇನಾ?"

ಇಷ್ಟೇ ಆದರೆ ನನಗೂ ಬೇಜಾರು. ಮಾರ್ಚ್ 20ರ ದಿನ ಬಂದದ್ದು ಪ್ಯಾರಿಸ್ಸಿನಿಂದ ಅಲ್ಲ. 1970ರಲ್ಲಿ ಆಫ್ರಿಕಾದ ನೈಜರ್ ದೇಶದ ನಿಯಾಮೆಯಲ್ಲಿ ಫ್ರೆಂಚ್ ಬಳಸುವ ದೇಶಗಳು ಸೇರಿ ಒಪ್ಪಂದ ಮಾಡಿಕೊಂಡ ದಿನ ಅದು. ಸೆನೆಗಲ್‌ನ ಸೆಂಗೋರ್, ಟ್ಯುನೀಸಿಯಾದ ಬುರ್ಗಿಬಾ, ನೈಜರ್‌ನ ಹಮಾನಿ ದಿಯೋರಿ, ಕಾಂಬೋಡಿಯಾದ ಸಿಹಾನೂಕ್ ಇದರ ಹಿಂದಿದ್ದವರು. ಸೆಂಗೋರ್ ಕವಿ, ಸೆನೆಗಲ್‌ನ ಮೊದಲ ಅಧ್ಯಕ್ಷ. ಇವತ್ತು ದಿನಾ ಫ್ರೆಂಚ್ ಮಾತಾಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಫ್ರಿಕಾದಲ್ಲಿದ್ದಾರೆ.

ಹಾಗಾಗಿ ಅವತ್ತು ಪ್ರತಿ ಗುಂಪಿಗೂ ಒಂದು ದೇಶ ಕೊಡುತ್ತೇವೆ. ಫ್ರಾನ್ಸನ್ನು ಯಾರಿಗೂ ಕೊಡುವುದಿಲ್ಲ. ಸೆನೆಗಲ್, ಕೆನಡಾದ ಕ್ವಿಬೆಕ್, ಕಾಂಗೊ, ಮಾರಿಷಸ್ ಹೀಗೆ. ಮಾರಿಷಸ್ ಗುಂಪು ನಮ್ಮೂರಲ್ಲಿ ಯಾವಾಗಲೂ ಗದ್ದಲ ಎಬ್ಬಿಸುತ್ತದೆ. ಅಲ್ಲಿ ಮರಾಠಿ ಮೂಲದ ಜನ ಇದ್ದಾರೆ, ಗಣೇಶ ಚತುರ್ಥಿಗೆ ಸರ್ಕಾರಿ ರಜೆ ಇದೆ ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು. ಫ್ರೆಂಚ್ ಆಗ ದೂರದ ಬಿಳಿಯರ ಭಾಷೆಯಾಗಿ ಉಳಿಯುವುದಿಲ್ಲ. ನಮ್ಮ ಪುದುಚೇರಿಯೂ 1954ರ ತನಕ ಫ್ರೆಂಚರ ಕೈಯಲ್ಲೇ ಇತ್ತಲ್ಲ.

"ವೈನ್ ಇಡ್ತೀರೇನು?"

ಇಲ್ಲವೇ ಇಲ್ಲ. ಮಾರ್ಚಿಗೆ ವಿಜಯಪುರದ ದ್ರಾಕ್ಷಿ ಬಂದಿರುತ್ತದೆ. ಅದರದೇ ಜ್ಯೂಸ್.

## ಭಾಗವಹಿಸುವವರು ಕೇಳುವುದು

"ಕಾರ್ಯಕ್ರಮಕ್ಕೆ ಬಂದರೆ ಪರೀಕ್ಷೆಗೆ ಏನು ಉಪಯೋಗ?"

ಡೆಲ್ಫ್ ಅಂದರೆ ಫ್ರೆಂಚ್ ಸರ್ಕಾರದ ಭಾಷಾ ಪರೀಕ್ಷೆ, ಎ1 ಅದರ ಆರಂಭದ ಹಂತ. ಅದನ್ನೇ ತೆಗೆದುಕೊಳ್ಳಿ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, ಒಂದೊಂದಕ್ಕೂ 25 ಅಂಕ. ಒಟ್ಟು 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಮಾತಿನ ಭಾಗದಲ್ಲಿ ನಿಮ್ಮ ಮುಂದೆ ಚಿತ್ರ, ಯೂರೋ ನೋಟು-ನಾಣ್ಯಗಳ ಚಿತ್ರ ಇಟ್ಟು "ಏನಾದರೂ ಕೊಂಡುಕೊಳ್ಳಿ" ಅನ್ನುತ್ತಾರೆ. ಪರೀಕ್ಷಕರೇ ಅಂಗಡಿಯವರು.

ನಾವು ಕಾಲೇಜಿನ ಕಾರಿಡಾರಿನಲ್ಲಿ ಸಂತೆ ಹಾಕುವುದು ಇದಕ್ಕೇ. ಮುಂಜಾನೆ ಮಾರ್ಕೆಟ್ಟಿನಿಂದ ನಿಜವಾದ ಉಳ್ಳಾಗಡ್ಡಿ, ಬದನೆಕಾಯಿ, ಟೊಮೆಟೊ ತರುತ್ತೇವೆ. ಕೈಗೆ ಕಾಗದದ ಯೂರೋ. "ಸೆ ಕೊಂಬ್ಯಾಂ?" ಅಂತ ಬೆಲೆ ಕೇಳಬೇಕು, "ಸೆ ತ್ರೋ ಶೇರ್!" ಅಂತ ಚೌಕಾಸಿ ಮಾಡಬೇಕು. ಎಲ್ಲರೂ ಎಡವುವುದು 70 ದಾಟಿದ ಮೇಲೆ. ಫ್ರೆಂಚಿನಲ್ಲಿ 70 ಅಂದರೆ ಅರವತ್ತು-ಹತ್ತು, 80 ಅಂದರೆ ನಾಲ್ಕು ಇಪ್ಪತ್ತು, 95 ಅಂದರೆ ನಾಲ್ಕು ಇಪ್ಪತ್ತು-ಹದಿನೈದು. ಪುಸ್ತಕದಲ್ಲಿ ಎಷ್ಟು ಸಲ ಬರೆದರೂ ಇದು ನಿಲ್ಲುವುದಿಲ್ಲ. ಹಿಂದೆ ನಾಲ್ಕು ಜನ ಗಿರಾಕಿ ನಿಂತಿರುವಾಗ ಚಿಲ್ಲರೆ ಎಣಿಸಿ ಕೊಟ್ಟವರಿಗೆ ನಿಲ್ಲುತ್ತದೆ. ಅದಕ್ಕೇ ಸೆಂಟಿನ ಬೆಲೆಗಳನ್ನೆಲ್ಲ ಬೇಕಂತಲೇ 71ರಿಂದ 99ರೊಳಗೆ ಇಡುತ್ತೇನೆ.

"ಸಿನಿಮಾ ತೋರಿಸ್ತೀರಾ? ಡೌನ್‌ಲೋಡ್ ಮಾಡಿ ತರಲಾ?"

ತೋರಿಸುತ್ತೇವೆ, ಡೌನ್‌ಲೋಡ್ ಬೇಡ. ಶೈಕ್ಷಣಿಕ ಪ್ರದರ್ಶನಕ್ಕೆ ಫ್ರೆಂಚ್ ಸರ್ಕಾರದ ಸಾಂಸ್ಕೃತಿಕ ಸಂಸ್ಥೆಯ ಐಎಫ್‌ಸಿನೆಮಾ ಅನ್ನುವ ವೇದಿಕೆ ಇದೆ. ಹೊಸಬರಿಗೆ ನಾನು ಮೆಚ್ಚುವುದು ಮೂಕಿ ಚಿತ್ರ. ಲ್ಯುಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ಮೊದಲ ಪ್ರದರ್ಶನ ಮಾಡಿದ್ದು 1895ರ ಡಿಸೆಂಬರ್ 28ಕ್ಕೆ. ಮುಂದಿನ ಜುಲೈ 7ಕ್ಕಾಗಲೇ ಅವರ ಚಿತ್ರಗಳು ಮುಂಬಯಿಗೆ ಬಂದಿದ್ದವು. 1902ರಲ್ಲಿ ಮೆಲಿಯೆಸ್ ಮಾಡಿದ ಚಂದ್ರಯಾನದ ಚಿತ್ರಕ್ಕೆ ನಮ್ಮ ದೇಶದ ಕಾಪಿರೈಟ್ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಅದರಲ್ಲಿ ಮಾತಿಲ್ಲ. ಮಾತನ್ನು ನಮ್ಮ ಮಕ್ಕಳು ಕೊಡುತ್ತಾರೆ. ಪರದೆಯ ಪಕ್ಕ ಇಬ್ಬರು ನಿಂತು "ಈಗ ಅವರು ಹತ್ತುತ್ತಿದ್ದಾರೆ, ಈಗ ಬೀಳುತ್ತಿದ್ದಾರೆ" ಅಂತ ಫ್ರೆಂಚಿನಲ್ಲಿ ಹೇಳುತ್ತಾ ಹೋಗಬೇಕು. ಎರಡು ಗಂಟೆ ಸಬ್‌ಟೈಟಲ್ ಓದಿಕೊಂಡು ಕೂರುವುದಕ್ಕಿಂತ ಈ ಕಾಲು ತಾಸು ಮೇಲು.

"ಗೋಡೆ ಪತ್ರಿಕೆಗೆ ಮೊಬೈಲ್‌ನ್ಯಾಗ ಟ್ರಾನ್ಸ್‌ಲೇಟ್ ಮಾಡಿ ಬರೆದ್ರ ನಡೀತದಾ?"

ನಡೆಯುವುದಿಲ್ಲ. ಬರೆದವರನ್ನೇ ಪತ್ರಿಕೆಯ ಮುಂದೆ ನಿಲ್ಲಿಸಿ ಎರಡು ಪ್ರಶ್ನೆ ಕೇಳುವುದು ನಮ್ಮ ಪದ್ಧತಿ. ತಾವೇ ಬರೆದಿದ್ದರೆ ತಪ್ಪುತಪ್ಪಾಗಿಯಾದರೂ ಉತ್ತರ ಬರುತ್ತದೆ. ಪದ ಗೊತ್ತಿಲ್ಲದಿದ್ದರೆ ಡಿಕ್ಷನರಿ ನೋಡಿ, ವಾಕ್ಯ ನಿಮ್ಮದೇ ಇರಲಿ. ವಿಷಯಕ್ಕೇನೂ ಕೊರತೆ ಇಲ್ಲ. ಇವತ್ತಿನ ಮಳೆ, ಹಾಸ್ಟೆಲಿನ ಸಾರು, ಗೋಕಾಕ ಫಾಲ್ಸ್‌ಗೆ ಹೋಗಿ ಬಂದದ್ದು. ಅಕ್ಷರದ ಮೇಲಿನ ಗೆರೆಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಹಾಕಿ, ಆಗ ಬಿಟ್ಟುಹೋಗುವುದಿಲ್ಲ.

"ನನಗ ಹಾಡಾಕ ಬರಂಗಿಲ್ಲ. ಹಾಡಿನ ಗುಂಪಿಗೆ ಸೇರಬಹುದಾ?"

ಸೇರಿ. ನಾಲ್ಕು ಗುಂಪು ಮಾಡಿ, ಒಂದರ ಹಿಂದೆ ಒಂದು ಗುಂಪು ಅದೇ ಮಕ್ಕಳ ಹಾಡನ್ನು ಎತ್ತಿಕೊಳ್ಳುವ ಹಾಗೆ ಹಾಡಿಸುತ್ತೇನೆ. ಮೂಗಿನ ಸ್ವರಗಳು ಪಳಗುವುದು ಹೀಗೆ. ಕಂಠ ಹೇಗಿದ್ದರೂ ಚಿಂತೆ ಇಲ್ಲ.

## ಎರಡು-ಮೂರನೇ ವರ್ಷದವರು, ಬೇರೆ ಕಾಲೇಜಿನವರು ಕೇಳುವುದು

"ಕನ್ನಡ ವಿಭಾಗದ ಜೊತೆ ಸೇರಿ ಏನಾದ್ರೂ ಮಾಡಬಹುದಾ?"

ಮಾಡಲೇಬೇಕು. ಲಾ ಫೊಂತೇನ್ ಹದಿನೇಳನೇ ಶತಮಾನದ ಫ್ರೆಂಚ್ ಕವಿ. ಅವನ ಪ್ರಾಣಿಕಥೆಗಳು ಅಲ್ಲಿಯ ಶಾಲೆ ಮಕ್ಕಳಿಗೆಲ್ಲ ಬಾಯಿಪಾಠ. ಅವುಗಳಲ್ಲಿ ಆಮೆ ಮತ್ತು ಎರಡು ಬಾತುಕೋಳಿಗಳ ಕಥೆ ಇದೆ. ಆಮೆ ಕೋಲು ಕಚ್ಚಿಕೊಂಡು ಹಾರುತ್ತದೆ, ಬಾಯಿಬಿಟ್ಟು ಬೀಳುತ್ತದೆ. ನಮ್ಮ ಪಂಚತಂತ್ರದ್ದೇ! ಪಂಚತಂತ್ರ ಪಹ್ಲವಿ, ಅರಬ್ಬಿ, ಪಾರ್ಸಿ ದಾಟಿ 1644ರಲ್ಲಿ ಫ್ರೆಂಚಿಗೆ ಬಂದಿತ್ತು. ಲಾ ಫೊಂತೇನ್ 1678ರಲ್ಲಿ ತನ್ನ ಎರಡನೇ ಸಂಕಲನದ ಮುನ್ನುಡಿಯಲ್ಲಿ ಭಾರತದ ಜ್ಞಾನಿ ಪಿಲ್ಪೇಗೆ ತಾನು ಋಣಿ ಅಂತ ಒಪ್ಪಿಕೊಂಡಿದ್ದಾನೆ. ಇತ್ತ ಕನ್ನಡಕ್ಕೆ ಪಂಚತಂತ್ರವನ್ನು ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹ ತಂದಿದ್ದ.

ಒಬ್ಬರು ಫ್ರೆಂಚ್ ಪದ್ಯ ಹೇಳುತ್ತಾರೆ, ಇನ್ನೊಬ್ಬರು ಅದೇ ಕಥೆಯನ್ನು ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತಾರೆ. ಕನ್ನಡ ವಿಭಾಗದ ಮೇಷ್ಟ್ರು ನಡುವೆ ನಾಲ್ಕು ಮಾತು ಸೇರಿಸುತ್ತಾರೆ. ಫ್ರೆಂಚ್ ಬಾರದವರಿಗೂ ಕಥೆ ಮೊದಲೇ ಗೊತ್ತಿರುವುದರಿಂದ ಸಭೆ ಕದಲುವುದಿಲ್ಲ. ನಮ್ಮ ಎಲ್ಲ ಕಾರ್ಯಕ್ರಮಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ.

"ನಾಟಕ ಮಾಡಬೇಕಂದ್ರ ಯಾವುದು ತಗೋಬೇಕು?"

ಫ್ರೆಂಚ್ ನಾಟಕಕಾರ ಮೋಲಿಯೇರನದು. ಆದರೆ ಇಡೀ ನಾಟಕ ಬೇಡ, ಒಂದೇ ದೃಶ್ಯ. ತಾನು ರೋಗಿ ಅಂತ ನಂಬಿದವನ ಪಾತ್ರ ಮಾಡುತ್ತಾ 1673ರ ಫೆಬ್ರವರಿ 17ರಂದು ರಂಗದ ಮೇಲೆ ಅವನಿಗೆ ಕಾಯಿಲೆ ಜೋರಾಯಿತು, ಅವತ್ತೇ ರಾತ್ರಿ ತೀರಿಕೊಂಡ. ಡಾಕ್ಟರು, ಜಿಪುಣ, ಡಾಂಭಿಕ ಅವನಿಗೆ ಪ್ರಿಯವಾದ ಪಾತ್ರಗಳು, ನಮ್ಮ ಕಂಪನಿ ನಾಟಕ ನೋಡಿದವರಿಗೆ ಹೊಸಬರಲ್ಲ. ಕನ್ನಡದಲ್ಲಿ ಎ. ಎನ್. ಮೂರ್ತಿರಾಯರ 'ಆಷಾಢಭೂತಿ' ಮೋಲಿಯೇರನ 'ತಾರ್ತ್ಯುಫ್' ಆಧರಿಸಿದ್ದು, ಅದನ್ನು ಮೊದಲು ಓದಿಕೊಂಡರೆ ಅರ್ಧ ಕೆಲಸ ಆದಂತೆ. ಪರದೆ ಏಳುವ ಮೊದಲು ಕೋಲಿನಿಂದ ನೆಲಕ್ಕೆ ಮೂರು ಸಲ ಕುಟ್ಟುವುದು ಫ್ರೆಂಚ್ ರಂಗಭೂಮಿಯ ರೂಢಿ. ಅದನ್ನು ಬಿಡಬೇಡಿ. ಸಭೆ ತಾನಾಗಿ ಸುಮ್ಮನಾಗುತ್ತದೆ.

"ಟೂರ್ ಗೈಡ್ ಆಗೋಕೆ ಅಭ್ಯಾಸ ಬೇಕು. ಹೊರಗೆ ಕರಕೊಂಡು ಹೋಗ್ತೀರಾ?"

ಮೂರನೇ ವರ್ಷದವರಿಗೆ ಊರೇ ಪಾಠ. ಕೋಟೆಯಿಂದ ಶುರು. ಕಮಲ ಬಸದಿ ರಟ್ಟರ ಕಾಲದ್ದು, ಹದಿಮೂರನೇ ಶತಮಾನದ ಆರಂಭದ ಕಟ್ಟಡ. ಛಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ಫ್ರೆಂಚಿನಲ್ಲಿ ವರ್ಣಿಸಬೇಕು. ಕೋಟೆಯೊಳಗೇ ರಾಮಕೃಷ್ಣ ಆಶ್ರಮ ಇದೆ. ವಿವೇಕಾನಂದರು 1892ರ ಅಕ್ಟೋಬರಿನಲ್ಲಿ ಬೆಳಗಾವಿಗೆ ಬಂದಿದ್ದರು. ಅಲ್ಲಿಂದ ಟಿಳಕವಾಡಿಗೆ ಹೋಗಿ ವೀರಸೌಧ, ಕಾಂಗ್ರೆಸ್ ಬಾವಿ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲೇ, 1924ರಲ್ಲಿ. ಫ್ರೆಂಚ್ ಲೇಖಕ ರೋಮ್ಯಾ ರೋಲಾ ಗಾಂಧೀಜಿ ಬಗ್ಗೆ ಬರೆದ ಪುಸ್ತಕ ಬಂದದ್ದೂ ಅದೇ ವರ್ಷ. ರಾಮಕೃಷ್ಣರ ಮೇಲೆ, ವಿವೇಕಾನಂದರ ಮೇಲೆ ಆಮೇಲೆ ಬರೆದವನೂ ಅವನೇ. ಪ್ರತಿ ನಿಲ್ದಾಣದಲ್ಲೂ ಒಬ್ಬ ವಿದ್ಯಾರ್ಥಿ ಗೈಡು, ಉಳಿದವರು ಪ್ರವಾಸಿಗರು. ಪ್ರವಾಸಿಗರು ಪ್ರಶ್ನೆ ಕೇಳದೆ ಮುಂದೆ ಹೋಗುವಂತಿಲ್ಲ. ಚೀಟಿ ನೋಡಿ ಓದುವುದೂ ಇಲ್ಲ.

"ಡೆಲ್ಫ್ ಬೆಳಗಾವಿಯಲ್ಲೇ ಬರೀಬಹುದಾ?"

ಪುಣೆಗೆ ಅಥವಾ ಬೆಂಗಳೂರಿಗೆ ಹೋಗಬೇಕು, ಎರಡೂ ಕಡೆ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ನಮಗೆ ಪುಣೆ ಹತ್ತಿರ. ದಿನಾಂಕ ಮೊದಲೇ ನೋಡಿಕೊಂಡು ಗುಂಪಾಗಿ ಹೋಗಿ. ಸರ್ಟಿಫಿಕೇಟಿಗೆ ಅವಧಿ ಇಲ್ಲ, ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಕೆಲಸಕ್ಕೆ ಕೇಳುವುದು ಸಾಮಾನ್ಯವಾಗಿ ಮೇಲಿನ ಹಂತವಾದ ಬಿ2.

"ಫ್ರಾನ್ಸಿನ ಕಾಲೇಜಿನವರ ಜೊತೆ ವಿಡಿಯೊ ಕಾಲ್ ಮಾಡಿಸ್ತೀರಾ?"

ಆಗಾಗ. ಅಲ್ಲಿಯ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಬದಲಾಗುತ್ತದೆ, ಆ ವಾರ ಸಮಯ ಎರಡು ಸಲ ಖಚಿತ ಮಾಡಿಕೊಳ್ಳಿ. "ನಿಮ್ಮ ಹವ್ಯಾಸ ಏನು" ಅಂತ ಶುರು ಮಾಡಿದರೆ ಮಾತು ಎರಡು ನಿಮಿಷಕ್ಕೆ ನಿಲ್ಲುತ್ತದೆ. ಕೈಯಲ್ಲಿ ಒಂದು ವಸ್ತು ಹಿಡಿದು ಕೂಡಿ. ಜೋಳದ ರೊಟ್ಟಿ, ಇಳಕಲ್ ಸೀರೆ, ಏನಾದರೂ. ಪ್ರಶ್ನೆ ಅವರ ಕಡೆಯಿಂದಲೇ ಬರುತ್ತವೆ.

"ನಮ್ಮ ಕಾಲೇಜಿನಲ್ಲಿ ಫ್ರೆಂಚಿಗೆ ಹದಿನೈದೇ ಮಕ್ಕಳು, ಬಜೆಟ್ ಇಲ್ಲ. ಎಲ್ಲಿಂದ ಶುರು ಮಾಡೋದು?"

ಹದಿನೈದು ಜನ ಅಂದರೆ ಒಳ್ಳೆಯ ಸಂಖ್ಯೆ, ಎಲ್ಲರಿಗೂ ಮಾತಾಡಲು ಸರದಿ ಸಿಗುತ್ತದೆ. ಮೊದಲ ವರ್ಷ ದೊಡ್ಡ ಉತ್ಸವ, ಮುಖ್ಯ ಅತಿಥಿ, ಶಾಲು-ಹಾರ ಯಾವುದೂ ಬೇಡ. ಭಾಷಣ ಕೇಳುವುದರಲ್ಲೇ ದಿನ ಮುಗಿದು ಮಕ್ಕಳು ಪ್ರೇಕ್ಷಕರಾಗಿಬಿಡುತ್ತಾರೆ. ಒಂದು ಗೋಡೆ ಪತ್ರಿಕೆ, ಒಂದು ಸಂತೆ, ಇವೆರಡೇ ಸಾಕು. ತರಕಾರಿ ಸಂಜೆ ಮನೆಗೆ ಹೋಗುತ್ತದೆ, ನಷ್ಟ ಏನೂ ಇಲ್ಲ. ಬಿಡುವಿನಲ್ಲಿ ಆರ್‌ಎಫ್‌ಐ ರೇಡಿಯೊದ ಸುಲಭ ಫ್ರೆಂಚ್ ವಾರ್ತೆ ಕೇಳಿಸಿ. ಹತ್ತು ನಿಮಿಷದ್ದು, ಕಾಸು ಕೊಡಬೇಕಿಲ್ಲ.

ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ಗೆ ಬೇಕಾಗುವ ಹಾಜರಿ ಸಹಿ, ಜಿಯೋಟ್ಯಾಗ್ ಫೋಟೊ ಅವತ್ತೇ ತೆಗೆದಿಡಿ, ಆಮೇಲೆ ಹುಡುಕಾಟ ತಪ್ಪುತ್ತದೆ. ವರದಿಯ ಮೊದಲ ಐದು ಸಾಲನ್ನು ಮಕ್ಕಳಿಂದಲೇ ಫ್ರೆಂಚಿನಲ್ಲಿ ಬರೆಸಿ ಫೈಲಿಗೆ ಹಾಕಿ. ಸಂತೆಗೆ ಬೆಲೆಪಟ್ಟಿ ಬೇಕಿದ್ದರೆ ನಮ್ಮ ವಿಭಾಗಕ್ಕೆ ಬಂದು ಒಯ್ಯಿರಿ.